ಹೋನ್ ಮಾಡಿದ ಮೇಲೆ ಸಾಬೂನು ನೀರು

ಪಂಪಿನ ಇಂಜಿನು ಬಿಚ್ಚುವಲ್ಲಿ ಹೆಮ್ಮಕ್ಕೊಗೆ ಎಂತ ಕೆಲಸ ಹೇಳಿ ಕೇಳುವವು ಇದ್ದವು. ಇದ್ದು ಅಕ್ಕಂದ್ರೇ, ಸುಮಾರು ಇದ್ದು. ಕರೆಂಟು ಪಂಪು ಎಲ್ಲೋರ ಮನೆಗೂ ಬಂತು, ಆದರೆ ಮಾರ್ಚು ಎಪ್ರಿಲಿಲ್ಲಿ ನಮ್ಮ ಸಂಪಾಜೆ ಹೊಡೆಲಿ ಕರೆಂಟಿನ ನಂಬಿ ಅಡಕ್ಕೆ ಸೆಸಿಗೆ ನೀರು ಹಾಕುಲೆ ಎಡಿಯ. ಹಾಂಗಾಗಿ ಪಯಸ್ವಿನಿ ಕರೆಯ ಶೆಡ್ಡುಗಳಲ್ಲಿ ಹಳೇ ಕಿರ್ಲೋಸ್ಕರ್ ಇನ್ನೂ ಕೂದೊಂಡಿದ್ದು. (ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿಲ್ಲಿ, 1869ರಲ್ಲಿ. ಇಂಜಿನಿನ ಕಂಪೆನಿ ಸುರುವಾದ್ದು 1946ರಲ್ಲಿ, ಪುಣೆಲಿ.)

ಇಂಜಿನು ನೀಲಿ ಹೊಗೆ ಕಾರಿರೆ, ಆಯಿಲು ಕುಡುದರೆ, ಹೇಂಡ್ಲು ಹಗುರಕ್ಕೆ ತಿರುಗಿಯೂ ಸ್ಟಾರ್ಟ್ ಆಗದ್ದರೆ, ಗೆಂಡುಮಕ್ಕೊ ಹೇಳುದು “ರಿಂಗು ಹಾಕಿರೆ ಸರಿ ಅಕ್ಕು.” ಬರೀ ರಿಂಗು ಹಾಕಿರೆ ಸಾಲ ಹೇಳುದು ಎನ್ನ ವಾದ.

ಕಡವಕಲ್ಲಿನ ನೆಂಪು ಮಾಡಿ. ವರ್ಷಗಟ್ಲೆ ಕಡದು ಕಲ್ಲು ನೊಂಪಾದರೆ ಅಕ್ಕಿ ಜಾರುತ್ತಷ್ಟೆ. ಅಂಬಗ ಕಲ್ಲು ಕುಟ್ಟುವವರ ಬಪ್ಪಲೆ ಹೇಳಿ ಉಳಿಲಿ ಕುಟ್ಟುಸುಗು. ಸಿಲಿಂಡರಿಂಗೂ ಅದೇ ಕಥೆ. ಎವಿ1 ಹೇಳ್ತ ಐದು ಎಚ್‌ಪಿ ಇಂಜಿನಿನ ಬೋರು 80 ಮಿ.ಮೀ., ಪಿಸ್ಟನು ಒಂದರಿ ಓಡುದು 110 ಮಿ.ಮೀ., ನಿಮಿಷಕ್ಕೆ 1500 ಸುತ್ತು. ಲೆಕ್ಕ ಹಾಕಿರೆ ಒಂದು ನಿಮಿಷಲ್ಲಿ ರಿಂಗು 330 ಮೀಟರು ಉಜ್ಜಿಗೊಂಡು ಹೋವುತ್ತು. ನೊಂಪಾಗದ್ದೆ ಇಕ್ಕೋ? ನೊಂಪಾದ ಗೋಡೆಲಿ ಆಯಿಲು ನಿಲ್ಲುತ್ತಿಲ್ಲೆ, ಹೊಸ ರಿಂಗು ಕೂರುತ್ತಿಲ್ಲೆ. ಹೋನ್ ಮಾಡುದು ಹೇಳಿರೆ ಡ್ರಿಲ್ಲಿಂಗೆ ಸಾಣೆಕಲ್ಲುಗಳ ಸಿಕ್ಕುಸಿ, ಎಣ್ಣೆ ಬಿಟ್ಟೊಂಡು, ನಿಧಾನಕ್ಕೆ ತಿರುಗುಸಿಗೊಂಡು ಮೇಲೆ ಕೆಳ ಎಳವದು. ಒಂದೇ ಜಾಗೆಲಿ ನಿಲ್ಲುಸುಲಾಗ. ಓರೆ ಗೀರುಗೊ ಒಂದರ ಒಂದು ಕತ್ತರುಸೆಕ್ಕು, ಹೆಣದ ಹಸೆಯ ಹಾಂಗೆ.

ಅದಕ್ಕೂ ಮದಲು ಅಳತೆ. ಬೋರು ಹೆಚ್ಚು ಸವೆವದು ಮೇಲೆ, ಸುರುವಾಣ ರಿಂಗು ತಿರುಗಿ ಬಪ್ಪಲ್ಲಿ. ಅಲ್ಲಿ ಉಗುರಿಂಗೆ ಮೆಟ್ಟು ಸಿಕ್ಕಿರೆ, ಬೋರು ಅಂಡಾಕಾರ ಆಗಿದ್ದರೆ, ಹೋನ್ ಮಾಡಿ ಸರಿ ಆವುತ್ತಿಲ್ಲೆ. ಲೈನರೇ ಬದಲುಸೆಕ್ಕು. ಅಲ್ಲಿ ಪೈಸೆ ಒಳಿಶುಲೆ ಹೋದರೆ ಎರಡು ಸರ್ತಿ ಬಿಚ್ಚುವ ಕೆಲಸ.

ಇನ್ನು ನಮ್ಮ ಪಾಲಿಂದು. ಕಲ್ಲು ಕುಟ್ಟಿದ ಕೂಡ್ಲೆ ಆರಾದರೂ ದೋಸೆಗೆ ಕಡದ್ದವೋ? ತೊಳದು, ಒಂದು ಮುಷ್ಟಿ ಅಕ್ಕಿ ಕಡದು ಇಡ್ಕಿ, ಪುನಾ ತೊಳದು, ಮತ್ತೆ ಅಡಿಗೆಗೆ. ಇಲ್ಲದ್ದರೆ ಹಲ್ಲಿಂಗೆ ಕಲ್ಲು. ಹೋನ್ ಮಾಡಿದ ಸಿಲಿಂಡರಿಲ್ಲಿಯೂ ಹಾಂಗೇ, ಸಾಣೆಯ ಹೊಡಿ, ಕಬ್ಬಿಣದ ಹೊಡಿ ಗೀರಿನೊಳ ಕೂದೊಂಡಿರ್ತು. ಪೆಟ್ರೋಲಿಲ್ಲಿಯೋ ಚಿಮಿಣಿ ಎಣ್ಣೆಲಿಯೋ ಉದ್ದಿರೆ ಜಿಡ್ಡು ಹೋಕು, ಹೊಡಿ ಅಲ್ಲೇ ಒಳಿಗು. ಬೇಕಾದ್ದು ಬೆಶಿನೀರು, ಪಾತ್ರೆ ತೊಳವ ಸಾಬೂನು, ಕುಪ್ಪಿ ತೊಳವ ಬ್ರಶ್ಶು. ತಿಕ್ಕಿ ತೊಳದು, ಬೆಳಿ ವೇಷ್ಟಿಯ ತುಂಡಿಲ್ಲಿ ಉದ್ದಿ ನೋಡೆಕ್ಕು. ವಸ್ತ್ರಲ್ಲಿ ಬೂದಿ ಬಣ್ಣ ಕಂಡರೆ ಇನ್ನೊಂದು ಸರ್ತಿ. ನಾಲ್ಕು ಸರ್ತಿ ಆದರೂ ಅಕ್ಕು. ಬೆಳಿ ಬೆಳಿಯಾಗಿಯೇ ಬಂದ ಮೇಲೆ ಒಣಗುಸಿ, ಕೂಡ್ಲೆ ಇಂಜಿನಾಯಿಲು ಕಿಟ್ಟೆಕ್ಕು. ಪಂಪಿಂಗೆ ಕೆಲಸ ಇಲ್ಲದ್ದ ಮಳೆಗಾಲಲ್ಲೇ ನಾವು ಬಿಚ್ಚುದಲ್ದಾ, ಆಟಿಯ ಥಂಡಿಗೆ ತುಕ್ಕು ಹಿಡಿವಲೆ ಹೊತ್ತು ಬೇಡ.

ಒಂದರಿ ಎಂಗಳ ಇಂಜಿನಿನ ಪೇಟೆಯ ಒಂದು ವರ್ಕ್‌ಶಾಪಿಂಗೆ ಕೊಟ್ಟಿಪ್ಪಗ ಪೆಟ್ರೋಲಿಲ್ಲಿ ಉದ್ದಿ ಜೋಡುಸಿ ಕೊಟ್ಟಿದವು. ಒಂದು ಬೇಸಗೆ ದಾಂಟಿದ್ದಿಲ್ಲೆ, ಹೊಸ ರಿಂಗು ಸವದು ಪುನಾ ಹೊಗೆ. ಆ ವರ್ಷ ನೆಟ್ಟ ಸೆಸಿಗೊಕ್ಕೆ ಕೊಡಪ್ಪಾನಲ್ಲಿ ಹೊಳೆನೀರು ಹೊತ್ತದು ಆರು? ಆನುದೆ ಎನ್ನ ಅತ್ತೆಯುದೆ. ಹಾಂಗಾಗಿ ಈ ಸರ್ತಿ ಮಗ ಮನೆ ಜಾಲಿಲ್ಲೇ ಬಿಚ್ಚುಗ ಬೆಶಿನೀರಿನ ಹಂಡೆಯ ಆನೇ ಒಲೆಲಿ ಮಡುಗಿದೆ.

ಜೋಡುಸಿ ಆದ ಮೇಲೆ ಗಂಟೆಗಟ್ಲೆ ಬರಿದೇ ಓಡುಸಿ ಕೆಮಿ ಕೊಟ್ಟು ಕೇಳುವ ಅಭ್ಯಾಸ ಗೆಂಡುಮಕ್ಕೊಗೆ ಇದ್ದು. ಅದು ಬೇಡ. ರಿಂಗು ಕೂರೆಕ್ಕಾದರೆ ಭಾರ ಬೇಕು, ನೀರು ಎಳವಲೆ ಹಚ್ಚಿ. ಸುರುವಾಣ ಆಯಿಲಿನ ಬೇಗ ಬದಲುಸಿ, ಅದರಲ್ಲಿ ಕಬ್ಬಿಣದ ಹೊಡಿ ಇದ್ದೇ ಇರ್ತು. ಮತ್ತೆ, ಒಳ್ಳೆ ವೇಷ್ಟಿಯ ಹರಿವಲೆ ಬಿಡೆಡಿ, ಹಳತ್ತರ ನಿಂಗಳೇ ಹುಡ್ಕಿ ಕೊಡಿ.