ಚಾವಡಿಯಿಲ್ಲದ ದಫ್ತರ

ಬಬಲೇಶ್ವರ ತಾಲೂಕಿನ ನಮ್ಮ ಕಾಖಂಡಕಿಯಂಥ ಊರುಗಳಲ್ಲಿ, ಯಾರ ಹೊಲ ಎಷ್ಟು ಎಕರೆ ಎಷ್ಟು ಗುಂಟೆ, ಅದರ ಮೇಲೆ ಯಾರ ಸಾಲದ ಬೋಜಾ ಕುಳಿತಿದೆ ಎಂಬುದೆಲ್ಲ ಒಂದು ಕಾಲಕ್ಕೆ ಕುಲಕರ್ಣಿಯ ದಫ್ತರದಲ್ಲಿರುತ್ತಿತ್ತು. ಅರಿವೆಯಲ್ಲಿ ಕಟ್ಟಿಟ್ಟ ಆ ದಫ್ತರ ಗುಟ್ಟಿನ ವಸ್ತುವೇನೂ ಆಗಿರಲಿಲ್ಲ. ನೋಡಬೇಕೆಂದವನು ಚಾವಡಿಗೆ ಹೋಗಿ ಕೇಳಬೇಕು, ಅಷ್ಟೆ. ಆದರೆ ಆ ‘ಅಷ್ಟೆ’ ಎಂಬ ಮಾತಿನಲ್ಲಿಯೇ ಒಂದು ದೊಡ್ಡ ಕಾವಲು ಅಡಗಿತ್ತು. ಕೇಳಲು ಬಂದವನು ತನ್ನ ಮುಖವನ್ನು ತೋರಿಸಬೇಕಾಗುತ್ತಿತ್ತು. “ಯಾಕ ಬೇಕಾಗೇತಿ?” ಎಂದು ಕುಲಕರ್ಣಿ ಕೇಳುತ್ತಿದ್ದ, ಕಟ್ಟೆಯ ಮೇಲೆ ಕುಳಿತ ನಾಲ್ವರು ಕಿವಿ ನಿಮಿರಿಸುತ್ತಿದ್ದರು, ಹೊತ್ತು ಮುಳುಗುವುದರೊಳಗೆ, ತನ್ನ ಉತಾರವನ್ನು ಯಾರು ಕೇಳಿದರು ಎಂಬ ಸುದ್ದಿ ಹೊಲದ ಒಡೆಯನ ಮನೆಯನ್ನು ಮುಟ್ಟುತ್ತಿತ್ತು.

1950ರ ಮುಂಬಯಿ ಸರಕಾರದ ಕಾನೂನು ಕುಲಕರ್ಣಿಯ ವತನವನ್ನು ತೆಗೆಯಿತು, ತಲಾಠಿ ಬಂದ. ಮುಂದೆ 2000ದ ಸುಮಾರಿಗೆ ಕರ್ನಾಟಕ ಸರಕಾರ ‘ಭೂಮಿ’ ಯೋಜನೆಯಿಂದ ಸುಮಾರು 2 ಕೋಟಿ ಉತಾರಗಳನ್ನು ಕಂಪ್ಯೂಟರಿಗೆ ಏರಿಸಿತು. ಇದರಿಂದ ರೈತನಿಗಾದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಒಂದು ಹಾಳೆಗಾಗಿ ನಾಲ್ಕು ದಿನ ಅಲೆಯುವ ಬವಣೆ ತಪ್ಪಿತು. ಆದರೆ ಅದರ ಜೊತೆಗೆ ಚಾವಡಿಯೂ ಹೋಯಿತು. ಜಿಲ್ಲೆ, ತಾಲೂಕು, ಹೋಬಳಿ, ಊರು, ಸರ್ವೆ ನಂಬರು ಇಷ್ಟನ್ನು ಆರಿಸಿದರೆ ಸಾಕು. ಒಡೆಯನ ಹೆಸರು, ಕ್ಷೇತ್ರ, ಸಾಲ ಎಲ್ಲವೂ ಕಣ್ಣ ಮುಂದೆ. ನೋಡಿದವನಾರೆಂಬುದು ಮಾತ್ರ ಒಡೆಯನಿಗೆ ತಿಳಿಯುವುದಿಲ್ಲ.

ಈ ಮಾತನ್ನು ನಮ್ಮ ಕಡೆಯ ಒಬ್ಬ ವೃದ್ಧ ಒಕ್ಕಲಿಗರ ಮುಂದೆ ಎತ್ತಿದಾಗ ಅವರು ನಕ್ಕುಬಿಟ್ಟರು. “ಅದರಾಗ ಮುಚ್ಚಿಡೂದು ಏನೈತ್ರಿ ಸರ? ಊರಿಗೆಲ್ಲ ಗೊತ್ತಿದ್ದದ್ದ ಐತಿ.” ಅವರ ಮಾತು ಸುಳ್ಳಲ್ಲ. ಹಳ್ಳಿಯಲ್ಲಿ ಯಾರ ಬದುಕೂ ಯಾರಿಗೂ ಮರೆಯಲ್ಲ. ಆದರೆ ಅಲ್ಲಿಯ ತಿಳಿವು ಪರಸ್ಪರವಾದದ್ದು. ನನ್ನನ್ನು ಬಲ್ಲವನನ್ನು ನಾನೂ ಬಲ್ಲೆ. ಅವನ ಸಾಲವೂ ನನಗೆ ಗೊತ್ತು, ಅವನ ಮಗಳ ಮದುವೆ ಎಲ್ಲಿ ನಿಂತಿತೆಂಬುದೂ ಗೊತ್ತು. ಈಗ ನಮ್ಮನ್ನು ಬಲ್ಲವನು ಸಾವಿರ ಹರದಾರಿ ಆಚೆ ಕುಳಿತಿದ್ದಾನೆ. ಅವನಾರೋ, ಎಂಥವನೋ! ಇನ್ನೊಂದು ಮಾತು: ಊರವರು ಬಿಡಿಬಿಡಿಯಾಗಿ ಬಲ್ಲದ್ದನ್ನು ಅವನು ಒಂದೇ ದಾರದಲ್ಲಿ ಪೋಣಿಸಬಲ್ಲ. ಮತದಾರರ ಯಾದಿಯಿಂದ ತಂದೆಯ ಹೆಸರು ಮತ್ತು ವಯಸ್ಸು, ಉತಾರದಿಂದ ಹೊಲ, ವಧೂವರರ ಗುಂಪಿನಿಂದ ಮಗಳ ಓದು, ಫೇಸ್‌ಬುಕ್ಕಿನಿಂದ ಹೋದ ತಿಂಗಳ ತಿರುಪತಿ ಯಾತ್ರೆ. ಒಂದೊಂದೂ ನಿರುಪದ್ರವಿಯೇ, ಕೂಡಿದಾಗ ಮಾತ್ರ ಅದು ಮನೆಯ ಕೀಲಿಕೈ.

ಇದು ಬರಿಯ ಕಲ್ಪನೆಯ ಭೀತಿಯಲ್ಲ. 2024ರ ಅಕ್ಟೋಬರ್ 27ರಂದು ಪ್ರಧಾನಮಂತ್ರಿಗಳು ತಮ್ಮ ‘ಮನ್ ಕೀ ಬಾತ್’ನಲ್ಲಿ ‘ಡಿಜಿಟಲ್ ಅರೆಸ್ಟ್’ ಎಂಬ ಹೊಸ ಬಗೆಯ ವಂಚನೆಯನ್ನು ಕುರಿತು ಮಾತನಾಡುತ್ತ ದೇಶಕ್ಕೆಲ್ಲ ಒಂದು ಸಂಭಾಷಣೆಯನ್ನು ಕೇಳಿಸಿದರು. ಪೋಲೀಸರ ವೇಷದ ಠಕ್ಕನೊಡನೆ ಮಾತನಾಡಿದ ಆ ಇನ್ನೊಂದು ದನಿ ನಮ್ಮ ವಿಜಯಪುರದವರದೇ. ಅವರು ಎದೆಗುಂದದೆ ಆ ಕರೆಯನ್ನು ಚಿತ್ರೀಕರಿಸಿಕೊಂಡಿದ್ದರು. ಅಷ್ಟು ಧೈರ್ಯ ಎಲ್ಲರಿಗೂ ಇರುವುದಿಲ್ಲ. ಠಕ್ಕರ ಮೊದಲ ಹೆಜ್ಜೆಯೇ ನಮ್ಮ ವಿಷಯವನ್ನು ಕಲೆಹಾಕುವುದು ಎಂದು ಪ್ರಧಾನಿಗಳು ಅಂದು ಹೇಳಿದರು. ಹೆಂಡತಿಯ ಹೆಸರು, ಮಗ ಓದುವ ಊರು ಇವನ್ನು ತಡವರಿಸದೆ ಹೇಳುವವನನ್ನು ನಂಬದಿರುವುದು ಕಷ್ಟ. ಹಣ ಹೋದರೆ 1930ಕ್ಕೆ ಒಡನೆಯೇ ಕರೆಮಾಡಬೇಕೆಂಬುದನ್ನು ಮನೆಯ ಗೋಡೆಯ ಮೇಲೆ ಬರೆದಿಟ್ಟರೂ ತಪ್ಪಿಲ್ಲ.

ಹಾಗಾದರೆ ನಮ್ಮ ಹೆಸರನ್ನು ತೆಗೆಸುವುದು ಹೇಗೆ?

ಅಮೆರಿಕದಲ್ಲಿ ಜನರನ್ನು ಹುಡುಕಿಕೊಡುವುದೇ ಒಂದು ವ್ಯಾಪಾರ. ವೈಟ್‌ಪೇಜಸ್, ಸ್ಪೋಕಿಯೊ ಮುಂತಾದ ತಾಣಗಳಲ್ಲಿ ಒಂದು ಹೆಸರನ್ನು ಬರೆದರೆ ವಯಸ್ಸು, ಹಿಂದೆ ಇದ್ದ ಮನೆಗಳು, ಬಂಧುಗಳ ಹೆಸರು ಎಲ್ಲ ಸಾಲಾಗಿ ಬರುತ್ತವೆ. ಹೆಚ್ಚಿನ ವಿವರಕ್ಕೆ ದುಡ್ಡು. ಬಂದದ್ದು ನಿಜವೇ ಆಗಿರಬೇಕೆಂದಿಲ್ಲ. ರಾಬಿನ್ಸ್ ಎಂಬಾತನನ್ನು ಸ್ಪೋಕಿಯೊ ಮದುವೆಯಾದವನೆಂದೂ ಮಕ್ಕಳೊಂದಿಗನೆಂದೂ ಒಳ್ಳೆಯ ಕೆಲಸದಲ್ಲಿರುವವನೆಂದೂ ತೋರಿಸಿತ್ತು. ಕೆಲಸ ಹುಡುಕುತ್ತಿದ್ದ ಆ ಮನುಷ್ಯ, ಇದೆಲ್ಲ ಸುಳ್ಳೆಂದು ಹೂಡಿದ ದಾವೆ 2016ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇಂಥ ತಾಣಗಳಿಗೆ ಒಂದೊಂದಾಗಿ ಬರೆದು ಹೆಸರನ್ನು ತೆಗೆಸಬೇಕು. ಕೆಲವು ತಿಂಗಳಿಗೆ ಅದು ಮತ್ತೆ ಚಿಗುರುತ್ತದೆ, ಜಾಲಿಯ ಗಿಡದ ಹಾಗೆ. ಕ್ಯಾಲಿಫೋರ್ನಿಯ ರಾಜ್ಯ ಇದಕ್ಕೊಂದು ಮಾರ್ಗ ಹುಡುಕಿದೆ. 2023ರಲ್ಲಿ ಮಾಡಿದ ಕಾನೂನಿನಂತೆ, ಅಲ್ಲಿ ನೋಂದಾಯಿಸಿಕೊಂಡ ಮಾಹಿತಿ ದಲ್ಲಾಳಿಗಳಿಗೆಲ್ಲ ಸೇರಿ ನಿವಾಸಿಯೊಬ್ಬ ಒಂದೇ ಅರ್ಜಿ ಕೊಡುವ ಏರ್ಪಾಡು 2026ರ ಜನವರಿಯಲ್ಲಿ ತೆರೆಯಿತು. ಅರ್ಜಿಗಳಂತೆ ಅಳಿಸುವ ಹೊಣೆ ಅದೇ ವರ್ಷದ ಆಗಸ್ಟ್ 1ರಿಂದ ಎಂದು ಗೊತ್ತುಮಾಡಲಾಯಿತು. ಮಕ್ಕಳು ಅಲ್ಲಿ ನೆಲೆಸಿರುವ ವಾಚಕರು ಅವರಿಗೆ ಈ ಮಾತನ್ನು ಬರೆಯಬಹುದು.

ನಮ್ಮಲ್ಲಿ ಅಂಥ ಒಂದು ಅಂಗಡಿಯಿಲ್ಲ. ಸರಕು ಹತ್ತು ಕಡೆ ಚೆಲ್ಲಿದೆ. ಎಲ್ಲಕ್ಕಿಂತ ಹತ್ತಿರದ್ದು ಟ್ರೂಕಾಲರ್. 2009ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿದ ಈ ಸೇವೆಯನ್ನು ಬಳಸುವವರು ಇತರರ ನಂಬರಿಗೂ ಹೆಸರನ್ನು ಸೂಚಿಸಬಹುದು. ಆದ್ದರಿಂದಲೇ ಅದರಲ್ಲಿ ಗೌರವಸ್ಥ ಗೃಹಸ್ಥರು ‘ಬಾಡಿಗಿ ಮನಿ ಕಾಕಾ’ ಎಂದೂ, ಪ್ರಾಧ್ಯಾಪಕರು ‘ಇಂಟರ್ನಲ್ ಮಾರ್ಕ್ಸ್ ಸರ’ ಎಂದೂ ಮೆರೆಯುವುದುಂಟು. ನಗುವ ವಿಷಯವೇ, ಆದರೆ ಒಬ್ಬಳೇ ಇರುವ ಹುಡುಗಿಯ ನಂಬರಿನೊಡನೆ ಹೆಸರೂ ಹಾಸ್ಟೆಲೂ ಬಂದರೆ ನಗು ಬಾರದು. ಬೇಡವೆನ್ನುವವರು ಮೊದಲು ತಮ್ಮ ಖಾತೆಯನ್ನು ರದ್ದುಮಾಡಿ, ಆಮೇಲೆ ಆ ಸಂಸ್ಥೆಯ ತಾಣದಲ್ಲಿ ನಂಬರನ್ನು ಪಟ್ಟಿಯಿಂದ ತೆಗೆಸುವ ಪುಟಕ್ಕೆ ಹೋಗಿ, 91 ಎಂಬ ದೇಶದ ಸಂಖ್ಯೆಯೊಡನೆ ನಂಬರು ಕೊಡಬೇಕು. ಖಾತೆ ಇರುವಾಗ ಪಟ್ಟಿಯಿಂದ ಹೊರಬರಲಾಗದು. ಮತ್ತೆ ಬಳಸತೊಡಗಿದರೆ ಹೆಸರು ಮತ್ತೆ ಸೇರುತ್ತದೆ.

ಗೂಗಲ್ಲಿನ ವಿಷಯದಲ್ಲಿ ಒಂದು ಭ್ರಮೆಯನ್ನು ಮೊದಲು ಕಳೆಯಬೇಕು. ಅದು ಕೈಮರವೇ ಹೊರತು ಊರಲ್ಲ. 2022ರಿಂದ ಮನೆಯ ವಿಳಾಸ, ಫೋನ್ ನಂಬರು, ಇಮೇಲ್ ವಿಳಾಸಗಳನ್ನು ತೋರಿಸುವ ಫಲಿತಾಂಶಗಳನ್ನು ತೆಗೆಯಿರೆಂಬ ಅರ್ಜಿಯನ್ನು ಅದು ಸ್ವೀಕರಿಸುತ್ತ ಬಂದಿದೆ. ಆದರೆ ಕೈಮರದ ಹಲಗೆಯನ್ನು ಕಿತ್ತ ಮಾತ್ರಕ್ಕೆ ಊರು ಮಾಯವಾಗದು. ಮಾಹಿತಿ ಎಲ್ಲಿ ಕುಳಿತಿದೆಯೋ ಆ ತಾಣದವರಿಗೆ ಮೊದಲು ಬರೆಯಬೇಕು, ಪುಟದ ಚಿತ್ರವನ್ನು ತೆಗೆದಿಟ್ಟುಕೊಳ್ಳಬೇಕು, ತಾರೀಖು ಗುರುತುಹಾಕಿಕೊಳ್ಳಬೇಕು. ಗೂಗಲ್ ಅದರ ಅನಂತರದ ಮಾತು. ಹೆಸರು ತೆಗೆಸಲು ಆಧಾರ್ ಕಾರ್ಡಿನ ಚಿತ್ರ ಕಳಿಸಿರೆಂದು ಅಪರಿಚಿತ ತಾಣ ಕೇಳಿದರೆ ಕೊಡಲೇಬಾರದು. ಕಳ್ಳನಿಗೆ ಹಿತ್ತಿಲ ಬಾಗಿಲನ್ನೂ ತೋರಿಸಿದಂತಾದೀತು.

ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಇದೆಲ್ಲಕ್ಕಿಂತ ದೊಡ್ಡ ಸೋರಿಕೆ ಮಗಳ ಬಯೋಡೇಟಾದ್ದು ಎಂದು ನನ್ನ ಅಭಿಪ್ರಾಯ. ಜನ್ಮದಿನ, ಜನ್ಮಘಳಿಗೆ, ಗೋತ್ರ, ಸಂಬಳ, ಕೆಲಸ ಮಾಡುವ ಕಚೇರಿ, ಮನೆಯ ವಿಳಾಸ, ಸೋದರಮಾವನ ಊರು, ನಾಲ್ಕು ಫೋಟೋ! ಯಾವ ಗುಪ್ತಚರನೂ ಇಷ್ಟು ಸಂಗ್ರಹಿಸಲಾರ. ಅದನ್ನು ತಂದೆತಾಯಿಗಳೇ ಸಂತೋಷದಿಂದ ವಾಟ್ಸಪ್ಪಿನ ಹತ್ತು ಗುಂಪುಗಳಿಗೆ ಕಳಿಸುತ್ತಾರೆ. ಮದುವೆಯಾಗಿ ಮೊಮ್ಮಗ ಹುಟ್ಟಿದ ಮೇಲೂ ಆ ಹಾಳೆ ಊರೂರು ತಿರುಗುತ್ತಿರುತ್ತದೆ. ವಿವಾಹ ತಾಣಗಳಲ್ಲಿಯ ವಿವರವನ್ನು ಮದುವೆ ಗೊತ್ತಾದೊಡನೆ ‘ಮರೆಮಾಡಿ’ ಸುಮ್ಮನಾಗದೆ ಪೂರ್ತಿ ಅಳಿಸಬಹುದು. ಗುಂಪಿಗೆ ಹೋದ ಹಾಳೆಯನ್ನು ಹಿಂದಕ್ಕೆ ಕರೆಯುವ ಶಕ್ತಿ ಮಾತ್ರ ಯಾರಿಗೂ ಇಲ್ಲ. ಕಳಿಸುವಾಗಲೇ ಓದು, ವೃತ್ತಿ, ತಂದೆಯ ಒಂದು ನಂಬರು ಇಷ್ಟಕ್ಕೆ ನಿಲ್ಲಿಸಿ, ಉಳಿದದ್ದನ್ನು ಹಿರಿಯರು ಎದುರುಬದುರು ಕುಳಿತಾಗ ಹೇಳಿದರೆ ಸಂಬಂಧವೇನೂ ಕೆಡದು.

ಇನ್ನು ಕಾನೂನು. ಖಾಸಗಿ ಬದುಕು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಏಕಮತದಿಂದ ಹೇಳಿದರು. ಆ ಮೊಕದ್ದಮೆಯನ್ನು 2012ರಲ್ಲಿ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ವಯಸ್ಸಿನಲ್ಲಿ! ಅದರ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ಕೊಟ್ಟ ಮಾಹಿತಿಯನ್ನು ತಿದ್ದಿಸುವ, ಅಳಿಸುವ ಹಕ್ಕನ್ನು ಹೇಳುತ್ತದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಸಂಸ್ಥೆಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಆದರೆ ಕಾಯಿದೆಯಲ್ಲಿ ಒಂದು ಕಿಂಡಿಯಿದೆ. ತಾನೇ ಬಹಿರಂಗಪಡಿಸಿದ ಮಾಹಿತಿಗೂ, ಕಾನೂನಿನ ಕಟ್ಟಳೆಯಂತೆ ಇತರರು ಬಹಿರಂಗಪಡಿಸಿದ ಮಾಹಿತಿಗೂ ಅದು ಅನ್ವಯಿಸದು. ಎಂದರೆ ಮತದಾರರ ಯಾದಿಯಂಥವು ಅದರ ಕೈಗೆ ಸಿಗುವುದಿಲ್ಲ. ಯಾದಿ ಬಹಿರಂಗವಾಗಿರಲೇಬೇಕು, ನಿಜ. ಕಳ್ಳಮತವನ್ನು ಹಿಡಿಯಲು ಅದೇ ಸಾಧನ. 2018ರಲ್ಲಿ ಚುನಾವಣಾ ಆಯೋಗ ತಾಣಗಳಲ್ಲಿಯ ಯಾದಿಯನ್ನು ಯಂತ್ರ ಸುಲಭವಾಗಿ ಹೆಕ್ಕಲಾಗದ ಚಿತ್ರರೂಪಕ್ಕೆ ಬದಲಿಸಿತು. ಇದನ್ನು ವಿರೋಧಿಸುವವರೂ ಇದ್ದಾರೆ, ಅವರ ವಾದದಲ್ಲಿ ತಿರುಳೂ ಇದೆ. ಕಣ್ಣಿಂದ ಓದುವವನಿಗೆ ತೆರೆದಿರಲಿ, ಬಲೆ ಬೀಸಿ ಬಾಚುವವನಿಗೆ ಕಷ್ಟವಾಗಲಿ ಎಂಬುದು ಅಲ್ಲಿಯ ಎಣಿಕೆ.

ಇದೇ ಎಣಿಕೆಯನ್ನು ನಮ್ಮ ಹೈಕೋರ್ಟು, ಪುಟ್ಟಸ್ವಾಮಿಯವರ ತೀರ್ಪಿಗೂ ಏಳು ತಿಂಗಳು ಮೊದಲು, ಒಂದು ಮನೆಯ ದುಃಖದ ಸಂದರ್ಭದಲ್ಲಿ ಕಂಡುಕೊಂಡಿತ್ತು. ಹೆಣ್ಣುಮಗಳೊಬ್ಬಳು ತನ್ನ ವಿವಾಹ ಅಸಿಂಧುವೆಂದು ದಾವೆ ಹೂಡಿದ್ದಳು. ಕ್ರಿಮಿನಲ್ ಫಿರ್ಯಾದಿಯೂ ಇತ್ತು. ಆಮೇಲೆ ರಾಜಿಯಾಯಿತು, ಫಿರ್ಯಾದಿ ರದ್ದಾಯಿತು. ಜಗಳ ಮುಗಿದರೂ ಆದೇಶದ ಹಾಳೆ ಅಂತರ್ಜಾಲದಲ್ಲಿ ಉಳಿಯಿತು. ಅವಳ ಹೆಸರನ್ನು ಹುಡುಕಿದವರಿಗೆಲ್ಲ ಮೊದಲು ಅದೇ ಕಾಣಿಸೀತು, ಸಂಸಾರಕ್ಕೂ ಮಾನಕ್ಕೂ ಕುಂದು ಬಂದೀತು ಎಂದು ಅಂಜಿದ ತಂದೆ ಹೈಕೋರ್ಟಿನ ಮೆಟ್ಟಿಲೇರಿದ. 2017ರ ಜನವರಿ 23ರಂದು ನ್ಯಾಯಮೂರ್ತಿ ಆನಂದ ಬೈರಾರೆಡ್ಡಿಯವರು ಅವನ ಅಳಲನ್ನು ಮನ್ನಿಸಿದರು. ಸ್ತ್ರೀಯರ ಸೂಕ್ಷ್ಮ ಪ್ರಕರಣಗಳಲ್ಲಿ ‘ಮರೆಯಲ್ಪಡುವ ಹಕ್ಕ’ನ್ನು ಪಾಶ್ಚಾತ್ಯ ದೇಶಗಳು ಮನ್ನಿಸುತ್ತಿರುವುದನ್ನು ಅವರು ನೆನೆದರು. ಆ ತೀರ್ಪು ಈಗ ವಕೀಲರ ಬಾಯಲ್ಲಿ ತಂದೆಯ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಮಗಳನ್ನು ಮರೆಮಾಡಲು ಹೋಗಿ ಅವನು ಊರಿಗೆಲ್ಲ ಪರಿಚಿತನಾದ. ನಾನಂತೂ ಇಲ್ಲಿ ಬರೆಯುವುದಿಲ್ಲ.

ನ್ಯಾಯಾಲಯ ಹಾಳೆಯನ್ನು ಸುಡಲು ಹೇಳಲಿಲ್ಲ. ಸಾರ್ವಜನಿಕರು ಅಂತರ್ಜಾಲದಲ್ಲಿ ಹುಡುಕಿದಾಗ ಅವಳ ಹೆಸರು ಆದೇಶದ ತಲೆಬರಹದಲ್ಲಾಗಲಿ ಒಡಲಿನಲ್ಲಾಗಲಿ ಸಿಗದಂತೆ ನೋಡಿಕೊಳ್ಳಬೇಕೆಂದು ತನ್ನ ಕಚೇರಿಗೆ ಅಪ್ಪಣೆ ಮಾಡಿತು. ಹೈಕೋರ್ಟಿನ ಸ್ವಂತ ತಾಣದಲ್ಲಿ ಅದು ಇದ್ದಂತೆಯೇ ಇರುತ್ತದೆ. ದೃಢೀಕೃತ ಪ್ರತಿಯಲ್ಲಿಯೂ ಹೆಸರು ಇದ್ದೇ ಇರುತ್ತದೆ. ಅದು ಬೇಕಾದವರು ನಕಲು ವಿಭಾಗಕ್ಕೆ ಹೋಗಿ, ತಮ್ಮ ಹೆಸರು ಬರೆದು, ಅರ್ಜಿ ಕೊಟ್ಟು, ಶುಲ್ಕ ತೆತ್ತು ಪಡೆಯಬೇಕು.