ಬಿಡಿಭಾಗ ಕೇಳಿದ್ರೆ ಇಡೀ ಸೀಟು ತಗೋ ಅಂತಾರೆ

ಹೆಬ್ಬೆರಳು ಗಾತ್ರದ ಒಂದು ರಬ್ಬರ್ ತುಂಡಿಗಾಗಿ ಎಂಟು ತಿಂಗಳಿಂದ ಅಲೀತಿದೀನಿ ಅಂದ್ರೆ ನೀವು ನಗ್ತೀರ. ನಗಿ, ಪರವಾಗಿಲ್ಲ, ನನ್ನ ಹೆಂಡತಿಯೂ ನಕ್ಕಿದ್ದಾಳೆ. ಆದರೆ ನಕ್ಕಾದ ಮೇಲೆ ಎರಡು ನಿಮಿಷ ನನ್ನ ಸಿಟ್ಟನ್ನೂ ಕೇಳಿಸ್ಕೊಳ್ಳಿ.

ನನ್ನ ಹತ್ರ 1968ರ ಒಂದು ಕ್ಯಾಡಿಲಾಕ್ ಡಿವಿಲ್ ಇದೆ. ಉದ್ದ 18 ಅಡಿಗೂ ಮೀರಿದ್ದು, 7.7 ಲೀಟರಿನ ವಿ-8 ಇಂಜಿನ್ನು, ಮುಂದೆ ಮನೆಯ ಸೋಫಾದಂಥ ಒಂದೇ ಉದ್ದನೆ ಸೀಟು. ಹಿಂದಿನ ಒಡತಿ ಐದಡಿಯೂ ಇಲ್ಲದ ಅಜ್ಜಿ. ಅವರಿಗೆ ಬೇಕಾದಂತೆ ಸೀಟು ಪೂರ್ತಿ ಮುಂದಕ್ಕೆ ಬಂದು ಅಲ್ಲೇ ಕಚ್ಚಿಕೊಂಡಿದೆ. ನಾನು ಆರಡಿಗೆ ಒಂದಿಂಚು ಕಮ್ಮಿ. ಕೂತರೆ ಮಂಡಿ ಸ್ಟೀರಿಂಗಿಗೆ ತಾಗುತ್ತೆ. ಜೂನಿನಲ್ಲಿ ದಾವಣಗೆರೆಯಿಂದ ಅಪ್ಪ ಬರ್ತಿದ್ದಾರೆ. ಅವರಿಗೆ ಮಂಡಿ ಮಡಚೋದೇ ಕಷ್ಟ. ಈ ಕಾರಿನಲ್ಲಿ ಅವರನ್ನು ಮುಂದೆ ಕೂರಿಸಿಕೊಂಡು ಒಂದು ಸುತ್ತು ಹೋಗಬೇಕು ಅನ್ನೋದಷ್ಟೇ ನನ್ನ ಆಸೆ.

ಸ್ವಿಚ್ ಒತ್ತಿದರೆ ಸೀಟಿನಡಿ ಮೋಟರು ಗುಂಯ್ ಅನ್ನುತ್ತೆ, ಸೀಟು ಮಾತ್ರ ಅಲ್ಲಾಡಲ್ಲ. ಇದರ ಕಥೆ ಸರಳ. ಒಂದೇ ಮೋಟರು. ಅದರ ಮುಂದೆ ಒಂದು ಗೇರ್ ಪೆಟ್ಟಿಗೆ. ಅದರಲ್ಲಿ ಮೂರು ಸೊಲೆನಾಯ್ಡ್: ಒಂದು ಹಿಂದೆ-ಮುಂದೆ ಸರಿಸೋಕೆ, ಒಂದು ಸೀಟಿನ ಮುಂಭಾಗ ಎತ್ತಿಳಿಸೋಕೆ, ಇನ್ನೊಂದು ಹಿಂಭಾಗ ಎತ್ತಿಳಿಸೋಕೆ. ಅಲ್ಲಿಂದ ಎರಡೂ ಕಡೆಯ ಹಳಿಗಳಿಗೆ ತಿರುಗುವ ಕೇಬಲ್ಲುಗಳು. ಮೋಟರನ್ನೂ ಪೆಟ್ಟಿಗೆಯನ್ನೂ ಸೇರಿಸೋದು ಆ ರಬ್ಬರ್ ಕಪ್ಲಿಂಗು. ಅದು ನನ್ನ ಕೈಯಲ್ಲಿ ಹಳೇ ಬೆಲ್ಲದ ಹಾಗೆ ಪುಡಿಯಾಯ್ತು.

ಅಂಗಡಿಗೆ ಫೋನ್ ಮಾಡಿದೆ. ‘ನಿಂತುಹೋಗಿದೆ’ ಅಂದರು. ಹಳೇ ಕಾರಿನ ಸಾಮಾನು ಮಾರುವವರೊಬ್ಬರಿಗೆ ಮಾಡಿದೆ. ‘ಕಪ್ಲಿಂಗ್ ಕೊಡಲ್ಲ, ಮೋಟರು, ಪೆಟ್ಟಿಗೆ, ಹಳಿ ಎಲ್ಲ ಸೇರಿಸಿ ತಗೋ’ ಅಂದರು. ಇನ್ನೊಬ್ಬರು ಇಡೀ ಸೀಟೇ ತಗೋ ಅಂದರು. ಅಲ್ಲ ಸ್ವಾಮಿ, ನಮ್ಮ ಭಾಷೇಲಿ ಇದಕ್ಕೆ ಬಿಡಿಭಾಗ ಅಂತಾರೆ. ಬಿಡಿಯಾಗಿ ಸಿಗಬೇಕು ಅಂತಲೇ ಆ ಹೆಸರು. ಅಂಗಿಯ ಗುಂಡಿ ಹೋದರೆ ಅಂಗಡಿಯವ ಹೊಸ ಅಂಗಿ ತಗೋ ಅಂದ್ರೆ ನೀವು ಸುಮ್ಮನಿರ್ತೀರಾ?

‘ಐವತ್ತು ವರ್ಷ ಹಳೇ ಸಾಮಾನು ಯಾವ ಕಂಪನಿ ಇಟ್ಕೊಳ್ಳುತ್ತೆ ಮಾರಾಯ, ಅವರೂ ವ್ಯಾಪಾರ ಮಾಡ್ಬೇಡ್ವಾ?’ ಅಂತ ಕನ್ನಡ ಸಂಘದ ಪಿಕ್ನಿಕ್ಕಿನಲ್ಲಿ ಗೆಳೆಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಇಟ್ಕೊಳ್ಳಿ ಅಂತ ನಾನೂ ಹೇಳ್ತಿಲ್ಲ. ಈ ಕ್ಯಾಡಿಲಾಕ್‌ಗಳ ತವರು, ಡೆಟ್ರಾಯ್ಟಿನ ಕ್ಲಾರ್ಕ್ ಸ್ಟ್ರೀಟ್ ಕಾರ್ಖಾನೆಯೇ 1987ರಲ್ಲಿ ಬಾಗಿಲು ಹಾಕಿದೆ. ಓಲ್ಡ್ಸ್‌ಮೊಬೀಲ್ ಅನ್ನೋ ಹೆಸರೇ 2004ಕ್ಕೆ ಮುಗಿಯಿತು. ನಾನು ಕೇಳೋದು ಇಷ್ಟೇ: ಮಾಡೋದು ನಿಲ್ಲಿಸಿದ ದಿನ ಅದರ ಅಳತೆ, ನಕ್ಷೆ ಹೊರಗೆ ಕೊಡಿ. ಮಾಡಬಲ್ಲವರು ಮಾಡ್ಕೋತಾರೆ. ನೀವೂ ಮಾಡಲ್ಲ, ಬೇರೆಯವರಿಗೆ ಅಳತೆಯನ್ನೂ ಹೇಳಲ್ಲ ಅಂದ್ರೆ ಅದಕ್ಕೆ ವ್ಯಾಪಾರ ಅನ್ನಲ್ಲ, ಹಟ ಅಂತಾರೆ.

ಸರ್ಕಾರಗಳೂ ಏನು ಕಮ್ಮಿ ಇಲ್ಲ. 2009ರಲ್ಲಿ ಇಲ್ಲಿನ ಸರ್ಕಾರ ಹಳೇ ಕಾರು ಕೊಟ್ಟು ಹೊಸದು ತಗೊಳ್ಳೋರಿಗೆ ದುಡ್ಡು ಕೊಟ್ಟಿತು. 6.7 ಲಕ್ಷಕ್ಕೂ ಹೆಚ್ಚು ಕಾರುಗಳು ಬಂದವು. ಓಡುತ್ತಿದ್ದ ಇಂಜಿನ್ನುಗಳಿಗೆ ಸೋಡಿಯಂ ಸಿಲಿಕೇಟ್ ಸುರಿದು, ಅವು ಮತ್ತೆ ತಿರುಗದ ಹಾಗೆ ಮಾಡಿ, ಕೊನೆಗೆ ಕಾರನ್ನೇ ಜಜ್ಜಿ ಹಾಕಬೇಕು ಅನ್ನೋದು ನಿಯಮ. ಹೊಗೆ ಕಮ್ಮಿಯಾಗಲಿ ಅನ್ನೋ ಉದ್ದೇಶಕ್ಕೆ ನನ್ನ ತಕರಾರಿಲ್ಲ. ಆದರೆ ಇನ್ನೊಂದು ಕಾರಿಗೆ ಜೀವ ಕೊಡಬಲ್ಲ ಇಂಜಿನ್ನಿಗೆ ವಿಷ ಹಾಕೋದು ಯಾವ ಉಳಿತಾಯ? ಆಮೇಲೆ 2012ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು ಶೇಕಡ 85ಕ್ಕಿಂತ ಹೆಚ್ಚು ಮತ ಹಾಕಿ, ಕಾರು ರಿಪೇರಿಯ ಮಾಹಿತಿ ಊರ ಗ್ಯಾರೇಜಿನವನಿಗೂ ಸಿಗಬೇಕು ಅಂತ ಹೇಳಿದರು. ಒಳ್ಳೇದೇ. ಆದರೆ ರೋಗ ಏನು ಅಂತ ಗೊತ್ತಾಗಿ ಔಷಧಿ ಸಿಗದಿದ್ದರೆ ಏನು ಬಂತು?

ಈಗ ನಮ್ಮವರ ಸರದಿ. ಹಳೇ ಕಾರಿನ ಪ್ರೇಮಿಗಳೆಲ್ಲ ಸಾಧುಗಳೇನಲ್ಲ. ಇದೇ ಜಾತಿಯ ಸೀಟಿನ ಯಂತ್ರ ಅದೇ ಕಂಪನಿಯ ಬ್ಯೂಕ್, ಓಲ್ಡ್ಸ್‌ಮೊಬೀಲ್‌ಗಳಲ್ಲೂ ಇತ್ತು. ಯಾವುದರ ತುಂಡು ಯಾವುದಕ್ಕೆ ಕೂರುತ್ತೆ ಅನ್ನೋದು ಗೊತ್ತಿರುವವರು ಬಾಯಿ ಬಿಡಲ್ಲ. ಬಿಟ್ಟರೆ ತಮ್ಮ ಗ್ಯಾರೇಜಿನ ಡಬ್ಬಿಯಲ್ಲಿರುವ ತುಂಡಿನ ಬೆಲೆ ಬಿದ್ದುಹೋಗುತ್ತಲ್ಲ! ಇನ್ನು ಕೆಲವರು ‘ಅದನ್ನೆಲ್ಲ ಕಿತ್ತು ಬಿಸಾಕು, ಕೈಯಲ್ಲಿ ಎಳೆಯುವ ಹಳಿ ಹಾಕು’ ಅಂತಾರೆ. ಹಾಗೆ ಕಿತ್ತು ಬಿಸಾಕಿದ್ದಕ್ಕೇ ಇವತ್ತು ನನಗೆ ಸಿಗ್ತಿಲ್ಲ.

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ಕ್ಯಾಡಿಲಾಕ್ ಕಂಡವರಲ್ಲ, ಜೀವಮಾನವಿಡೀ ಪಂಪ್‌ಸೆಟ್ ಬಿಚ್ಚಿ ಜೋಡಿಸಿದವರು. ಅರ್ಧ ಕೇಳಿದ್ದೇ ತಡ, ‘ಮೋಟ್ರು ತಿರುಗ್ತೈತಿಲ್ಲೋ? ಹಂಗಾರೆ ಕಪ್ಲಿಂಗ್ ಹೋಗೇತಿ. ಯಾವ್ದಾರ ಗಟ್ಟಿ ರಬ್ಬರ್ ಪೈಪು ಕತ್ತರಿಸಿ ಕ್ಲಿಪ್ ಹಾಕಲೇ’ ಅಂದರು. ಪೆಟ್ರೋಲಿನ ಪೈಪು ತುಂಡು ಮಾಡಿ ಎರಡು ಕ್ಲಿಪ್ ಬಿಗಿದೆ. ಹಳಿಯ ಗಟ್ಟಿ ಗ್ರೀಸು ಕೆರೆದು ತೆಗೆದು ಹೊಸದು ಸವರಿದೆ. ಸ್ವಿಚ್ ಒತ್ತಿದೆ. ಸೀಟು ನರಳಿಕೊಂಡು ನಾಲ್ಕಿಂಚು ಹಿಂದೆ ಹೋಗಿ ನಿಂತಿತು. ಪೈಪು ಒಳಗೇ ಜಾರಿತ್ತು. ಸರಿಯಾದ ತುಂಡು ಇನ್ನೂ ಬೇಕು.

ಆ ನಾಲ್ಕಿಂಚು ಕೊಟ್ಟದ್ದು ಯಾವ ಕಂಪನಿಯೂ ಅಲ್ಲ. ಬಿಚ್ಚಿದರೆ ಬಿಚ್ಚಿಕೊಳ್ಳುವ ಹಾಗೆ ಅದನ್ನು ಮಾಡಿದ್ದ ಆ ಕಾಲದ ಕೆಲಸಗಾರರು, ಮತ್ತೆ ಗೊತ್ತಿದ್ದನ್ನು ಮುಚ್ಚಿಡದೆ ಹೇಳಿದ ಒಬ್ಬ ಪಂಪ್‌ಸೆಟ್ ಮೆಕ್ಯಾನಿಕ್ಕು. ಅದಕ್ಕೇ ಕೇಳ್ಕೋತೀನಿ. ನಿಮ್ಮ ಮಿಕ್ಸರಿನದೋ ಸ್ಕೂಟರಿನದೋ ಒಂದು ತುಂಡು ಹೋದಾಗ ‘ಪೂರ್ತಿ ಸೆಟ್ಟೇ ತಗೋಬೇಕು ಸಾರ್’ ಅಂದ್ರೆ ತಲೆಯಾಡಿಸಿ ದುಡ್ಡು ಎಣಿಸಬೇಡಿ. ಜಗಳ ಆಡಿ. ನೀವೇ ರಿಪೇರಿ ಮಾಡ್ಕೊಂಡ್ರೆ ಅಳತೆ ಬರೆದು ನಾಲ್ಕು ಜನಕ್ಕೆ ಹೇಳಿ. ನನ್ನ ಕಪ್ಲಿಂಗಿನದು ನಾನು ಬರೆದಿಟ್ಟಿದ್ದೇನೆ. ಕೇಳಿದವರಿಗೆಲ್ಲ ಪುಕ್ಕಟೆ ಕೊಡ್ತೀನಿ.