ಮಾರ್ದನಿಯ ಪೆಟ್ಟಿಗೆ

ಕಾಲೇಜಿನ ಸ್ನೇಹಸಮ್ಮೇಳನದಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ನಿಂತ ವಿದ್ಯಾರ್ಥಿಯ ಕಾಲ ಬಳಿ ಅಂಗೈಯಗಲದ ಲೋಹದ ಪೆಟ್ಟಿಗೆಯೊಂದು ಕಾಣಿಸುವುದುಂಟು. ಡಿಜಿಟಲ್ ಡಿಲೇ ಪೆಡಲ್ ಎಂದು ಅದರ ಹೆಸರು. ಅದನ್ನು ಕುರಿತು ಎರಡು ಅಭಿಪ್ರಾಯಗಳು ಚಲಾವಣೆಯಲ್ಲಿವೆ. ನುಡಿಸಲು ಬಾರದವನ ಕೊರತೆಯನ್ನು ಮುಚ್ಚುವ ಕಪಟಸಾಧನವೆಂಬುದು ಹಿರಿಯರ ಮಾತು. ಯಾವ ಹಾಡಿಗೆ ಪೂಸಿದರೂ ಘಮ್ಮೆನ್ನುವ ಅತ್ತರೆಂಬುದು ಕಿರಿಯರ ನಂಬಿಕೆ. ಎರಡೂ ಪೆಟ್ಟಿಗೆಯ ಪರಿಚಯವಿಲ್ಲದೆ ಹುಟ್ಟಿದವು. ಧ್ವನಿಯನ್ನೂ ಅಲಂಕಾರಗಳ ಸಾಲಿಗೆ ಸೇರಿಸಿದ ಕವಿರಾಜಮಾರ್ಗವನ್ನು ಓದಿದವರಿಗೆ ಕಿರಿಯರ ತಪ್ಪು ತೀರ ಹೊಸದೇನೂ ಅನ್ನಿಸಲಾರದು.

ಪೆಟ್ಟಿಗೆಯ ಕೆಲಸ ಸರಳವಾದುದು. ತಂತಿಯ ಕಂಪನ ವಿದ್ಯುತ್ತಾಗಿ ಮಾರ್ಪಟ್ಟು ಒಳಗೆ ಬಂದು ಎರಡು ದಾರಿ ಹಿಡಿಯುತ್ತದೆ. ಒಂದು ಪಾಲು ನೇರವಾಗಿ ಆ್ಯಂಪ್ಲಿಫೈಯರಿಗೆ ಹೋಗುತ್ತದೆ. ಇನ್ನೊಂದು ಪಾಲು ಸೆಕೆಂಡಿಗೆ ಸಾವಿರಾರು ಬಾರಿ ಅಳೆಯಲ್ಪಟ್ಟು, ಅಂಕಿಗಳಾಗಿ ಮೆಮರಿಯಲ್ಲಿ ಕುಳಿತು, ಗೊತ್ತುಪಡಿಸಿದ ಅವಧಿ ಕಳೆದ ಮೇಲೆ ಮತ್ತೆ ನಾದವಾಗಿ ಹೊರಡುತ್ತದೆ. ಹಿಂದೆ ಈ ಕೆಲಸವನ್ನು ಟೇಪು ಮಾಡುತ್ತಿತ್ತು. 1974ರ ರೊಲ್ಯಾಂಡ್ ಸ್ಪೇಸ್ ಎಕೋ ಆ ಬಗೆಯದು. 1969ರಲ್ಲಿ ಫಿಲಿಪ್ಸ್ ಸಂಸ್ಥೆಯ ಸಂಶೋಧಕರು ರೂಪಿಸಿದ ‘ಬಕೆಟ್ ಬ್ರಿಗೇಡ್’ ಚಿಪ್ಪು ಇನ್ನೊಂದು ಉಪಾಯ. ಬೆಂಕಿ ಆರಿಸುವವರು ಸಾಲಾಗಿ ನಿಂತು ನೀರಿನ ಬಕೆಟ್ಟನ್ನು ಕೈಯಿಂದ ಕೈಗೆ ದಾಟಿಸುವಂತೆ ಅದು ನಾದವನ್ನು ದಾಟಿಸುತ್ತದೆ. ಕೈ ಬದಲಾದಾಗಲೆಲ್ಲ ನೀರು ತುಸು ಚೆಲ್ಲುತ್ತದೆ, ಮಾರ್ದನಿ ಮಬ್ಬಾಗುತ್ತದೆ. 1983ರಲ್ಲಿ ಜಪಾನಿನ ಬಾಸ್ ಕಂಪನಿಯ ಡಿಡಿ-2 ಬಂದಾಗ, ಅಂಕಿಗಳಲ್ಲಿ ಹಿಡಿದಿಟ್ಟ ನಿಚ್ಚಳವಾದ ಮಾರ್ದನಿ ಮೊದಲ ಬಾರಿಗೆ ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆಗೆ ಇಳಿಯಿತು. 12.5ರಿಂದ 800 ಮಿಲಿಸೆಕೆಂಡುಗಳವರೆಗೆ ಅದರ ಹರವು.

ಪೆಟ್ಟಿಗೆ ಕೊಂಡವರು ಮೊದಲ ದಿನವೇ ಎಲ್ಲ ಗುಂಡಿಗಳನ್ನೂ ಕೊನೆಯವರೆಗೆ ತಿರುಗಿಸಿ ಬೆರಗಾಗುತ್ತಾರೆ. ಅದರಿಂದ ಬೆರಗಲ್ಲದೆ ಬೇರೇನೂ ದಕ್ಕುವುದಿಲ್ಲ. ಒಂದೇ ಸ್ವರವನ್ನು ಮೀಟಿ, ಒಂದೇ ಗುಂಡಿಯನ್ನು ತಿರುಗಿಸಿ, ಕಿವಿಗೊಡಬೇಕು. ಮೊದಲು ಕಾಲದ ಗುಂಡಿ. ಈ ಸೀಮೆಯವರಿಗೆ ವಿಜಯಪುರದ ಗೋಳಗುಮ್ಮಟ ದೂರವಲ್ಲ. ಶಾಲೆಯ ಪ್ರವಾಸದಲ್ಲಿ ಅದರ ಮೊಗಸಾಲೆಯಲ್ಲಿ ನಿಂತು ಕೂಗದವರು ಕಡಿಮೆ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ನಾದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದರಿಂದ, ಎದುರು ಗೋಡೆಗೆ ಹೋಗಿ ಮರಳಲು ಅದಕ್ಕೆ 220 ಮಿಲಿಸೆಕೆಂಡಿನಷ್ಟು ಹೊತ್ತು ಬೇಕು. ಪೆಡಲಿನ ಗುಂಡಿಯನ್ನು ಅಲ್ಲಿಗೆ ತಂದರೆ ಅಷ್ಟು ದೂರದ ಗೋಡೆ ಎದುರಿಗೆ ಬಂದು ನಿಂತಂತೆ. 500ಕ್ಕೆ ತಿರುಗಿಸಿದರೆ ಗೋಡೆ 85 ಮೀಟರ್ ಆಚೆಗೆ ಸರಿಯುತ್ತದೆ. ಆದಿಲಶಾಹಿಯ ಶಿಲ್ಪಿಗೆ ಗೋಡೆಯನ್ನು ಸರಿಸುವ ಅನುಕೂಲವಿರಲಿಲ್ಲ.

ಅವಧಿಯನ್ನು ಕುಗ್ಗಿಸುತ್ತ 30 ಮಿಲಿಸೆಕೆಂಡಿನ ಕೆಳಗೆ ತಂದಾಗ ವಿಚಿತ್ರವೊಂದು ನಡೆಯುತ್ತದೆ. ಮಾರ್ದನಿ ಇದ್ದೇ ಇರುತ್ತದೆ, ಆದರೆ ಕಿವಿಗೆ ಎರಡು ನಾದಗಳು ಬೇರೆಬೇರೆಯಾಗಿ ತೋರುವುದಿಲ್ಲ. ಒಂದೇ ನಾದ ಮೈದುಂಬಿದಂತೆ ಕೇಳುತ್ತದೆ. ಆನಂದವರ್ಧನ ಹೇಳುವ ಅಸಂಲಕ್ಷ್ಯಕ್ರಮ, ಸಂಲಕ್ಷ್ಯಕ್ರಮಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿ, ಕ್ರಮವಿದ್ದೂ ಅದು ಲಕ್ಷ್ಯಕ್ಕೆ ಬಾರದಿರುವುದು ಹೇಗೆಂದು ತಿಳಿಯದೆ ಉಳಿದವರು ಈ ಗುಂಡಿಯನ್ನೊಮ್ಮೆ ತಿರುಗಿಸಿ ನೋಡಬೇಕು. ಇದು ದೃಷ್ಟಾಂತ ಮಾತ್ರ. ರಸ ಪೆಟ್ಟಿಗೆಯಲ್ಲಿದೆಯೆಂದು ಉತ್ತರಪತ್ರಿಕೆಯಲ್ಲಿ ಬರೆಯಬಾರದು.

ಎರಡನೆಯದು ಫೀಡ್‌ಬ್ಯಾಕಿನ ಗುಂಡಿ. ಹೊರಬಂದ ಮಾರ್ದನಿಯಲ್ಲಿ ಎಷ್ಟು ಪಾಲನ್ನು ಮತ್ತೆ ಒಳಗೆ ಕಳಿಸಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಅರ್ಧ ಕಳಿಸಿದರೆ ಅರ್ಧ, ಕಾಲು, ಅರೆಕಾಲು ಎಂದು ಮಾರ್ದನಿಗಳು ತಗ್ಗುತ್ತ ಹೋಗುತ್ತವೆ. ಇದ್ದಷ್ಟನ್ನೂ ಮೀರಿ ಕಳಿಸಿದರೆ ನಾದ ತನ್ನನ್ನು ತಾನೇ ಹಿಗ್ಗಿಸಿಕೊಂಡು ಅರಚತೊಡಗುತ್ತದೆ. ಮೂರನೆಯದು ಮಾರ್ದನಿಯ ಗಾತ್ರಕ್ಕೆ ಸಂಬಂಧಿಸಿದ್ದು. ಅದಕ್ಕೆ ವಿವರಣೆ ಬೇಕಿಲ್ಲ.

ಈಗ ಹಿರಿಯರ ಆಕ್ಷೇಪಕ್ಕೆ ಬರಬಹುದು. ನಿಮಿಷಕ್ಕೆ 120 ಬೀಟಿನ ಹಾಡಿನಲ್ಲಿ ಒಂದು ಬೀಟಿಗೆ 500 ಮಿಲಿಸೆಕೆಂಡು. ಅದರ ಮುಕ್ಕಾಲು 375. ಮಾರ್ದನಿಯನ್ನು ಈ ಮುಕ್ಕಾಲಿಗೆ ನಿಲ್ಲಿಸಿ, ಬೀಟನ್ನು ನಾಲ್ಕು ಪಾಲು ಮಾಡಿ, ಒಂದನೆಯ ಮತ್ತು ಮೂರನೆಯ ಪಾಲಿನಲ್ಲಿ ಮಾತ್ರ ಮೀಟಿದರೆ, ಉಳಿದೆರಡು ಪಾಲುಗಳಲ್ಲಿ ಮಾರ್ದನಿ ಬಂದು ಕೂರುತ್ತದೆ. ಐರ್ಲೆಂಡಿನ ಯು2 ತಂಡದ ಗಿಟಾರ್ ವಾದಕ ದಿ ಎಡ್ಜ್ ಈ ಲೆಕ್ಕದ ಮೇಲೆಯೇ ತನ್ನ ಶೈಲಿಯನ್ನು ಕಟ್ಟಿಕೊಂಡ. 1987ರ ‘ದಿ ಜೋಶುವಾ ಟ್ರೀ’ ಆಲ್ಬಮ್ಮಿನ ಮೊದಲ ಹಾಡು ಅದಕ್ಕೆ ಪ್ರಸಿದ್ಧ ನಿದರ್ಶನ. ಆದರೆ ವಾದಕನ ಕೈ ತುಸು ಮುಂದೆ ಓಡಿದರೂ ಹಿಂದೆ ಬಿದ್ದರೂ ಪೆಟ್ಟಿಗೆ ಅವನಿಗಾಗಿ ಕಾಯುವುದಿಲ್ಲ, ಕ್ಷಮಿಸುವುದೂ ಇಲ್ಲ. ತಪ್ಪಿದ ಸ್ವರವನ್ನು ಅದು ಸಭೆಯ ಮುಂದೆ ಮೂರು ಬಾರಿ, ನಾಲ್ಕು ಬಾರಿ ಎತ್ತಿ ಆಡುತ್ತದೆ. ಇದನ್ನು ಕೊರತೆ ಮುಚ್ಚುವ ಸಾಧನವೆನ್ನುವವರು ಒಂದು ಸಂಜೆ ಅದರೊಂದಿಗೆ ಕುಳಿತು ನೋಡಲಿ.

ಹೆಸರಿನ ಮಾತನ್ನೂ ಇಲ್ಲಿಯೇ ಆಡಬೇಕು. ಡಿಲೇ ಎಂಬುದನ್ನು ವಿಳಂಬವೆಂದು ಅನುವಾದಿಸುವುದು ಸುಲಭ. ಆದರೆ ಹಿಂದುಸ್ತಾನಿ ಸಂಗೀತದ ಬಳಕೆಯಿರುವ ಈ ಕಡೆಯ ಕಿವಿಗೆ ವಿಳಂಬಿತವೆಂದರೆ ನಿಧಾನ ಲಯ. ಪೆಟ್ಟಿಗೆ ಲಯವನ್ನು ನಿಧಾನಗೊಳಿಸುವುದಿಲ್ಲ. ಮರಾಠಿಯ ನೆರೆಮನೆಯಲ್ಲಿ ‘ಪಡಸಾದ’ ಎಂಬ ಚೆಲುವಾದ ಮಾತಿದೆ. ಕನ್ನಡದ ‘ಮಾರ್ದನಿ’ ಅದಕ್ಕೇನೂ ಕಡಿಮೆಯಲ್ಲ. ಮಾರ್ನುಡಿ, ಮಾರುತ್ತರಗಳಲ್ಲಿ ಇರುವ ‘ಮಾರು’ವೇ ಇಲ್ಲಿಯೂ ಇದ್ದು, ಒಂದು ದನಿಗೆ ಎದುರಾಗಿ ಬಂದ ಇನ್ನೊಂದು ದನಿಯೆಂಬ ಅರ್ಥ ಸ್ಪಷ್ಟವಾಗಿದೆ. ಗಂಟೆ ಬಾರಿಸಿ ನಿಂತ ಮೇಲೆ ಉಳಿಯುವ, ಬಿಡಿಸಿ ಎಣಿಸಲಾಗದ ಗುಂಯ್‌ಗುಡುವಿಕೆಗೆ ಅನುರಣನವೆಂಬ ಶಾಸ್ತ್ರದ ಮಾತು ಸಿದ್ಧವಾಗಿದೆ. ರಿವರ್ಬ್ ಎಂಬ ಬೇರೆ ಪೆಟ್ಟಿಗೆಗೆ ಅದನ್ನು ಮೀಸಲಿಡಬಹುದು.

ಕಿರಿಯರ ಅತ್ತರಿನ ವಿಷಯ ಇನ್ನೂ ಗಂಭೀರವಾದುದು. ಭಾವಗೀತೆ ಹಾಡುವವರ ಮೈಕಿಗೂ ಮಿಕ್ಸರಿನಲ್ಲಿ ಇದೇ ಮಾರ್ದನಿಯನ್ನು ಧಾರಾಳವಾಗಿ ಸುರಿಯುವ ರೂಢಿಯಿದೆ. ಕನ್ನಡದಲ್ಲಿ ಒತ್ತಕ್ಷರವೆಂದರೆ ಕ್ಷಣಕಾಲದ ತಡೆ. ‘ಕತೆ’ ಮತ್ತು ‘ಕತ್ತೆ’ಗಳನ್ನು ಬೇರ್ಪಡಿಸುವುದು ತಕಾರದ ಮುನ್ನ ಬಾಯಿ ಹಿಡಿದಿಡುವ ಆ ಪುಟ್ಟ ಮೌನ. ಹಿಂದಿನ ಅಕ್ಷರದ ಮಾರ್ದನಿ ಬಂದು ಆ ಮೌನವನ್ನು ತುಂಬಿದಾಗ ಒತ್ತು ಮಸುಕಾಗುತ್ತದೆ. ಹ್ರಸ್ವಕ್ಕೆ ಬಾಲ ಬೆಳೆದು ದೀರ್ಘದಂತೆ ಕೇಳುತ್ತದೆ. ಕವಿ ಮಾತ್ರೆ ಎಣಿಸಿ ಕಟ್ಟಿದ ಸಾಲು ಸಭಾಂಗಣದ ಕೊನೆಯ ಬೆಂಚಿಗೆ ತಲುಪುವಾಗ ಬರಿಯ ಸ್ವರಗಳ ಮುದ್ದೆ. ಕನ್ನಡವನ್ನು ವಾರಕ್ಕೆ ಕೆಲವೇ ಗಂಟೆ ಕೇಳುವ ಊರುಗಳಲ್ಲಿ ಈ ನಷ್ಟ ಸಣ್ಣದಲ್ಲ. ಹಾಡಿನಿಂದಲೇ ಉಚ್ಚಾರ ಕಲಿಯುವ ಮಕ್ಕಳು ಅಲ್ಲಿ ಕುಳಿತಿರುತ್ತಾರೆ. ಹಾಡುವವರ ಮೈಕಿನಿಂದ ಮಾರ್ದನಿಯನ್ನು ತೆಗೆದು ಗಿಟಾರಿಗೆ ಮಾತ್ರ ಬಿಡಬೇಕು. ಸಾಲು ನಡೆಯುವಾಗ ವಾದಕ ಪೆಡಲಿನಿಂದ ಕಾಲು ತೆಗೆದಿರಲಿ. ಪಲ್ಲವಿ ಮುಗಿದು ಚರಣ ಎತ್ತಿಕೊಳ್ಳುವ ಮುನ್ನ ಸಿಗುವ ನಾಲ್ಕೆಂಟು ಬೀಟುಗಳ ಬಿಡುವಿನಲ್ಲಿ ಅದಕ್ಕೆ ಬೇಕಾದಷ್ಟು ಜಾಗವಿದೆ.